ಜಗಲಿ ಏರಿದ ಕೊನೆಯ ಅಧ್ಯಾಯ

ಹಗರಿಬೊಮ್ಮನಹಳ್ಳಿಯ ತರಬೇತಿ ಮುಗಿಸಿ ರಟ್ಟಿನ ಡಬ್ಬಿಯೊಂದನ್ನು ಎದೆಗವಚಿಕೊಂಡು ಕೊಟ್ಟೂರಿನ ಬಸ್ಸು ಹತ್ತಿದ ಸಂಜೆ ನನ್ನ ಮೊಣಕಾಲುಗಳು ನನ್ನ ಮಾತು ಕೇಳುವುದನ್ನು ಬಿಟ್ಟಿದ್ದವು. ತರಬೇತಿ ಅಂದರೆ ಏನೆಂದು ಮೇಷ್ಟರಾದವರಿಗೆಲ್ಲ ಗೊತ್ತು. ಬೆಳಿಗ್ಗೆ ಒಂದು ಹಾಡು, ಮಧ್ಯಾಹ್ನ ಒಂದು ಪಲಾವ್, ಸಂಜೆ ಒಂದು ಗುಂಪು ಫೋಟೊ. ಆದರೆ ಈ ಸಲ ಕೈಗೆ ಏನಾದರೂ ಕೊಟ್ಟು ಕಳಿಸಿದ್ದರು. ಡಬ್ಬಿಯ ತುಂಬ ಮಕ್ಕಳ ಪುಸ್ತಕಗಳು.

"ಏನೈತ್ರಿ ಮೇಡಂ ಅದರಾಗ? ಮಾವಿನ ಹಣ್ಣ?" ಅಂದ ಕಂಡಕ್ಟರು.

"ಕತಿ ಪುಸ್ತಕ್ರೀ."

"ಹಂಗಾರ ಲಗೇಜ್ ಬ್ಯಾಡ ಬಿಡ್ರಿ. ಕತಿಗೆ ಎಲ್ಲಿ ತೂಕ," ಅಂದು ಮುಂದೆ ಹೋದ. ಹೊತ್ತವಳಿಗೆ ಗೊತ್ತು ಅದರ ತೂಕ.

ನಾನು ಹುಟ್ಟಿದ್ದು ಹಡಗಲಿಯಲ್ಲಿ, ಮನೆ ಮಾಡಿಕೊಂಡಿರುವುದು ಕೊಟ್ಟೂರಿನಲ್ಲಿ, ಪಾಠ ಹೇಳುವುದು ಹರಪನಹಳ್ಳಿ ದಾರಿಯಲ್ಲಿ ಒಳಗೆ ತಿರುಗಿಕೊಳ್ಳುವ ಒಂದು ಊರಿನ ಸರಕಾರಿ ಪ್ರಾಥಮಿಕ ಶಾಲೆಯಲ್ಲಿ. ಊರಿನ ಹೆಸರು ಬೇಡ, ಯಾರ ಹೆಸರೂ ಬೇಡ. ನಡುವೆ ಕೂಡ್ಲಿಗಿ ಕಡೆಯೂ ಕೆಲವು ವರ್ಷ ಇದ್ದೆ. ಎಲ್ಲ ಕಡೆ ನನ್ನ ಪಾಲಿಗೆ ಬಂದದ್ದು ಮೂರನೆಯ ತರಗತಿ. ಅಕ್ಷರ ಬಂದಿದೆ, ಓದು ಇನ್ನೂ ಬಂದಿಲ್ಲ ಅನ್ನುವಂಥ ವಯಸ್ಸು. ಈ ಮಕ್ಕಳಿಗೆ ಚಿತ್ರದ ಪುಸ್ತಕ ಕೊಟ್ಟರೆ ಚಿತ್ರ ನೋಡಿ ಮಡಚಿಡುತ್ತಾರೆ, ದಪ್ಪ ಪುಸ್ತಕ ಕೊಟ್ಟರೆ ತಲೆಗಿಟ್ಟುಕೊಂಡು ಮಲಗುತ್ತಾರೆ. ಡಬ್ಬಿಯಲ್ಲಿ ಬಂದಿದ್ದವು ಇವೆರಡರ ನಡುವಿನವು. ಸಣ್ಣ ಪುಸ್ತಕ, ಸಣ್ಣ ಸಣ್ಣ ಅಧ್ಯಾಯ, ಅಧ್ಯಾಯಕ್ಕೊಂದು ಚಿತ್ರ, ದೊಡ್ಡ ಅಕ್ಷರ. ಒಂದರಲ್ಲಿ ಹಿಮದ ನಾಡಿನ ಹುಡುಗಿ ಯಾಕ್ ಮೇಯಿಸುತ್ತಾಳೆ, ಇನ್ನೊಂದರಲ್ಲಿ ದೋಣಿಯ ಮೇಲೆ ಸಂಸಾರ ಮಾಡುವವರು, ಮತ್ತೊಂದರಲ್ಲಿ ಮನೆಯಲ್ಲಿ ಒಂದು ಭಾಷೆ ಶಾಲೆಯಲ್ಲಿ ಒಂದು ಭಾಷೆ ಆಡುವ ಹುಡುಗ. ಬೇರೆ ಬೇರೆ ಜನ, ಬೇರೆ ಊಟ, ಬೇರೆ ದೇವರು. ತರಬೇತಿ ಕೊಟ್ಟವರು, "ಮಕ್ಕಳು ಮುಟ್ಟಲಿ ಮೇಡಂ, ಹರಿದರೂ ಚಿಂತೆಯಿಲ್ಲ" ಅಂದಿದ್ದರು. ನನ್ನ ಇಡೀ ನೌಕರಿಯಲ್ಲಿ ಮೇಲಿನವರು ಆಡಿದ ಮಾತುಗಳಲ್ಲಿ ನನಗೆ ಹಿಡಿಸಿದ್ದು ಅದೊಂದೇ.

ತೊಂದರೆ ಏನೆಂದರೆ ಪ್ರತಿ ಪುಸ್ತಕಕ್ಕೂ ಒಂದೇ ಪ್ರತಿ. ತರಗತಿ ತುಂಬ ಮಕ್ಕಳು, ಎಲ್ಲರಿಗೂ ಬೇಕಾದದ್ದು ಅದೇ ಒಂದು ಪುಸ್ತಕ. ಅದು ನಾಲ್ಕು ಮಕ್ಕಳ ಕತೆ. ಉತ್ತರದ ಕಡೆಯ ಯಾವುದೋ ಊರಿನ ಒಂದು ಓಣಿ, ಓಣಿಯಲ್ಲಿ ನಾಲ್ಕು ಥರದ ಮನೆ. ಚಳಿಗಾಲ ಬರುತ್ತದೆ. ಮಕ್ಕಳು ತಮ್ಮ ತಮ್ಮ ಮನೆಯಿಂದ ಅರಿವೆಯ ತುಂಡು ತಂದು ಓಣಿಯ ಮುದುಕನಿಗೆ ಕೊಡುತ್ತಾರೆ. ಮುದುಕ ಹತ್ತಿ ಬಡಿಯುವವನು. ಅವನು ಆ ತುಂಡುಗಳನ್ನು ಜೋಡಿಸಿ, ಹತ್ತಿ ತುಂಬಿ, ಒಂದೇ ಒಂದು ಹೊದಿಕೆ ಹೊಲಿಯುತ್ತಾನೆ. ನಮ್ಮ ಮಕ್ಕಳು ಅದನ್ನು ಕೌದಿ ಅಂದರು, ನಾನೂ ಕೌದಿ ಅಂದೆ. ನಾಲ್ಕು ಮಕ್ಕಳು, ಒಂದು ಕೌದಿ, ಅದು ಯಾರ ಮನೆಗೆ ಹೋಗಬೇಕು ಅನ್ನುವುದೇ ಜಗಳ. ಏಳು ಅಧ್ಯಾಯ. ಏಳನೆಯದರಲ್ಲಿ ಜಗಳ ಬಗೆಹರಿಯುತ್ತದೆ.

ಆ ಪುಸ್ತಕಕ್ಕಾಗಿ ನಮ್ಮ ತರಗತಿಯಲ್ಲೂ ಜಗಳ ಹತ್ತಿತು. ಎಳೆದಾಟದಲ್ಲಿ ಬೆನ್ನಿನ ಅಂಟು ಬಿಟ್ಟು ಪುಸ್ತಕ ಎರಡಾಯಿತು. ಬೈದೆ. ಬೈದು ಬೈದು ಸಾಕಾಗಿ ಕುರ್ಚಿಯ ಮೇಲೆ ಕೂತೆ. ಹರಿದದ್ದು ಹೇಗೂ ಹರಿದಿದೆ, ನೆಟ್ಟಗೆ ಹರಿದರೇನು ಅನ್ನಿಸಿತು. ಅಂದು ಮನೆಗೊಯ್ದು ಅಧ್ಯಾಯಕ್ಕೊಂದರಂತೆ ಬಿಡಿಸಿ, ಒಂದೊಂದಕ್ಕೂ ಬೈಂಡ್ ಹಾಕುವ ಖಾಕಿ ಕಾಗದದ ಹೊದಿಕೆ ಕೊಟ್ಟು, ದಬ್ಬಣದಿಂದ ತೂತು ಮಾಡಿ ದಾರ ಹೊಲಿದೆ. ಒಂದು ಪುಸ್ತಕ ಏಳು ಪುಸ್ತಕವಾಯಿತು. ಒಬ್ಬೊಬ್ಬರು ಒಂದೊಂದು ಒಯ್ಯುವುದು, ಓದುವುದು, ಮುಂದಿನವರಿಗೆ ಕೊಡುವುದು. ಇದೇ ನಮ್ಮ ಪದ್ಧತಿಯಾಯಿತು.

ಅಧ್ಯಾಯಗಳು ಊರು ಸುತ್ತಿದವು. ಒಂದು ಸುಣ್ಣದ ಬೆರಳು ಒತ್ತಿಸಿಕೊಂಡು ಬಂತು, ಒಂದು ಚಹಾದ ಕಪ್ಪಿನ ಕೆಳಗೆ ಕೂತು ಬಂತು, ಕುರಿಹಟ್ಟಿಗೆ ಹೋದದ್ದು ಒಂದು ವಾರ ಕುರಿಯ ವಾಸನೆ ಹೊಡೆಯಿತು. ನನಗೆ ಸಂತೋಷವಾಗಿರಬೇಕಿತ್ತು. ಆಗಿಯೂ ಇತ್ತು ಅನ್ನಿ, ಆದರೆ ದಣಿವಿನ ಕೆಳಗೆ ಎಲ್ಲೋ ಇತ್ತು. ಪ್ರತಿ ದಿನ ಯಾರ ಹತ್ತಿರ ಎಷ್ಟನೆಯದು ಇದೆ ಎಂದು ಕೇಳುವುದು, ಕಳೆದದ್ದು ಹುಡುಕಿಸುವುದು, ನಡುವೆ ಬಿಸಿಯೂಟ, ಮೊಟ್ಟೆ, ಮೊಬೈಲಿನಲ್ಲಿ ಫೋಟೊ ಏರಿಸುವುದು. ಸಂಜೆ ಬಸ್ಸಿನಲ್ಲಿ ಕೂತರೆ ಕೊಟ್ಟೂರು ಬಂದದ್ದೂ ಗೊತ್ತಾಗುತ್ತಿರಲಿಲ್ಲ.

ಈ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಊರ ಹೊರಗಿನ ಕೇರಿಯವಳು. ಮೂರನೆಯ ತರಗತಿಗೆ ಬಂದ ಮೇಲೂ ಎಷ್ಟೋ ದಿನ ಆಕೆ ಓದಿದ್ದನ್ನು ನಾನು ಕಂಡಿರಲಿಲ್ಲ. ಪಕ್ಕದವಳು ಓದಿದ್ದನ್ನು ಕೇಳಿ ಬಾಯಿಪಾಠ ಒಪ್ಪಿಸಿಬಿಡುತ್ತಿದ್ದಳು. ಅಂಥ ಮಕ್ಕಳನ್ನು ಹಿಡಿಯುವುದು ಕಷ್ಟ. ಕೊನೆಗೆ ಒಂದು ದಿನ ಮೂರನೆಯ ಅಧ್ಯಾಯ ಕೈಯಲ್ಲಿ ಹಿಡಿದು, ಪ್ರತಿ ಅಕ್ಷರದ ಕೆಳಗೂ ಬೆರಳಿಟ್ಟು ತಳ್ಳುತ್ತ ತಳ್ಳುತ್ತ, ಒಂದು ಇಡೀ ಪುಟ ನನ್ನೆದುರು ಓದಿದಳು. ಬಾಯಿಪಾಠವಲ್ಲ, ಓದು. ನನ್ನ ಕಣ್ಣಲ್ಲಿ ನೀರು ಬಂತು. ಬೆರಳು ತೆಗೆದು ಓದು ಅಂದರೆ ಮಾತ್ರ ಆಗುತ್ತಿರಲಿಲ್ಲ. ಬೆರಳು ಎತ್ತಿದರೆ ಸಾಲೇ ಕಳೆದುಹೋಗುತ್ತಿತ್ತು. ಇರಲಿ, ಬೆರಳಿನಿಂದಲೇ ಓದಲಿ ಅಂದೆ.

ಆಕೆಯ ಅಪ್ಪನಿಗೆ ಹರಪನಹಳ್ಳಿಯಲ್ಲಿ ನೌಕರಿ ಸಿಕ್ಕಿತು. ಕಾಯಂ ನೌಕರಿ. ಕೇರಿಯಲ್ಲಿ ಅದು ಹಬ್ಬ. ಮುಂದಿನ ಸೋಮವಾರ ಮಧ್ಯಾಹ್ನ ಮನೆಯ ಸಾಮಾನು ಹೇರಿಕೊಂಡು ಹೊರಡುವುದೆಂದು ಗೊತ್ತಾಯಿತು. ಹುಡುಗಿ ಅಲ್ಲಿಗೆ ಆರು ಅಧ್ಯಾಯ ಮುಗಿಸಿದ್ದಳು. ಏಳನೆಯದು ಆಕೆಯ ಬೆಂಚಿನ ಗೆಳತಿಯ ಹತ್ತಿರ ಇತ್ತು.

"ಮೇಡಂ, ಏಳನೇದು ಓದಿಯೇ ಹೋಗ್ತೀನ್ರಿ," ಅಂದಳು. "ಅಲ್ಲಿ ಸಾಲ್ಯಾಗ ಕೇಳಿದ್ರ ಒಂದು ಇಡೀ ಪುಸ್ತಕ ಓದೀನಿ ಅಂತ ಹೇಳ್ತೀನಿ. ಇಲ್ಲಂದ್ರ ಸುಳ್ಳಾಗ್ತೈತಿ."

ದೊಡ್ಡ ಶಾಲೆಯಲ್ಲಿ ಹೊಸ ಹುಡುಗಿಯನ್ನು ಎಲ್ಲಿ ಕೂಡಿಸುತ್ತಾರೆ ಎಂದು ನನಗೆ ಗೊತ್ತು. ಓದು ಬಾರದವಳು ಅಂತ ಒಮ್ಮೆ ಅನ್ನಿಸಿಕೊಂಡರೆ ವರ್ಷವಿಡೀ ಹಿಂದಿನ ಸಾಲು. ಒಂದು ಪುಸ್ತಕ ಮುಗಿಸಿದ ಸೊಕ್ಕು ಆಕೆಯ ಜೊತೆ ಹೋಗಲಿ ಅಂತ ನನಗೂ ಇತ್ತು. ಅಷ್ಟು ಮಕ್ಕಳಲ್ಲಿ ಆ ವರ್ಷ ನನ್ನ ಕಣ್ಣೆದುರೇ ಓದು ಬಂದದ್ದು ಇವಳಿಗೆ.

ಗೆಳತಿ ಊರೊಳಗಿನ ದೊಡ್ಡ ಮನೆಯವಳು. ಜ್ವರ ಬಂದು ಮಲಗಿದ್ದಳು. ಗುರುವಾರ ಶಾಲೆಗೆ ಬಂದಾಗ ಮುಖ ಸಣ್ಣಗಾಗಿತ್ತು, ಕೈ ಖಾಲಿ ಇತ್ತು.

"ಏಳನೇದು ಎಲ್ಲೆ?" ಅಂದೆ.

"ಜಗಲಿ ಮ್ಯಾಲೈತ್ರಿ."

"ಯಾವ ಜಗಲಿ?"

"ದೇವ್ರ ಜಗಲಿ. ನಮ್ಮಜ್ಜಿ ಇಟ್ಟಾಳ. ಕೊಡಂಗಿಲ್ಲಂತ್ರಿ."

ನಡೆದದ್ದು ಇಷ್ಟು. ಗೆಳತಿ ಜ್ವರ ಇಳಿಯದೆ ಹಾಸಿಗೆಯಲ್ಲಿದ್ದಾಗ ಏಳನೆಯ ಅಧ್ಯಾಯ ತಲೆದಿಂಬಿನ ಪಕ್ಕ ತೆರೆದು ಬಿದ್ದಿತ್ತು. ಅಜ್ಜಿ ಹಣೆ ಮುಟ್ಟಿ ನೋಡಲು ಬಂದು ಚಿತ್ರ ನೋಡಿದ್ದಾಳೆ. ಬೇವಿನ ಮರದ ಕೆಳಗೆ ಬಿಳಿ ಗಡ್ಡದ ಮುದುಕ, ತಲೆಗೆ ಬಿಳಿ ಅರಿವೆ, ಹೆಗಲ ಮೇಲೆ ಹೊದಿಕೆ, ಬಲಗೈ ಎತ್ತಿದ್ದಾನೆ, ಪಕ್ಕದಲ್ಲಿ ಮರಕ್ಕೊರಗಿಸಿದ ಹತ್ತಿ ಬಡಿಯುವ ಬಿಲ್ಲು. ಮುದುಕ ಮಕ್ಕಳನ್ನು ಕರೆಯುತ್ತಿದ್ದಾನೆ. ಆದರೆ ಅಜ್ಜಿಗೆ ಕಂಡದ್ದು ತಮ್ಮ ಮನೆತನದ ಗುರು. ಎತ್ತಿದ ಕೈ ಆಶೀರ್ವಾದ, ಬಿಲ್ಲು ಬೆತ್ತ. ನಮ್ಮ ಸೀಮೆಯಲ್ಲಿ ಗುರುವನ್ನು ಅಜ್ಜಯ್ಯ ಅನ್ನುತ್ತಾರೆ, ಅಜ್ಜಯ್ಯ ಯಾವಾಗ ಹೇಗೆ ಬರುತ್ತಾನೆ ಎಂದು ಮನೆ ಮನೆಗೂ ಒಂದು ಕತೆ ಇರುತ್ತದೆ. ಪುಟವನ್ನು ತೆರೆದದ್ದು ತೆರೆದ ಹಾಗೆ ಎತ್ತಿ ಜಗಲಿಯ ಮೇಲೆ ಇಟ್ಟು ವಿಭೂತಿ ಹಚ್ಚಿದಳಂತೆ. ಅವತ್ತೇ ಸಂಜೆ ಮೊಮ್ಮಗಳಿಗೆ ಬೆವರೊಡೆದು ಜ್ವರ ಬಿಟ್ಟಿತು. ಹಿಂದಿನ ದಿನ ಡಾಕ್ಟರು ಗುಳಿಗೆ ಬದಲಾಯಿಸಿದ್ದನ್ನು ಅಜ್ಜಿಗೆ ಯಾರು ಹೇಳಬೇಕು.

"ಅಂವ ಯಾರಂತ ನಿಮ್ಮಜ್ಜಿಗೆ ಹೇಳಿದಿ?" ಅಂದೆ.

"ಇಲ್ರಿ ಮೇಡಂ. ಹೇಳಿದ್ರ ಅಜ್ಜಿ ಅಳ್ತಾಳ."

ಯಾರೆಂದು ತರಗತಿಗೆಲ್ಲ ಗೊತ್ತು. ಎರಡನೆಯ ಅಧ್ಯಾಯದಲ್ಲೇ ಬಂದಿದೆ. ಮುದುಕ ಸಾಬರವನು, ದಿನಾ ನಮಾಜಿಗೆ ಹೋಗುತ್ತಾನೆ, ಬಂದು ಹತ್ತಿ ಬಡಿಯುತ್ತಾನೆ. ನಮ್ಮೂರ ಕಡೆ ಪಿಂಜಾರರು ಇರುವಂತೆ ಅವನು ಆ ಊರಿನವನು. ಇಷ್ಟು ದಿನ ಒಂದು ಗುಟ್ಟನ್ನೂ ಹೊಟ್ಟೆಯಲ್ಲಿಟ್ಟುಕೊಳ್ಳದ ಈ ಮಕ್ಕಳು ಇದೊಂದನ್ನು ಮಾತ್ರ ಇಟ್ಟುಕೊಂಡರು. ನನಗೆ ಆಶ್ಚರ್ಯವಾಯಿತು.

ನನ್ನ ಕೈಲಾದದ್ದೆಲ್ಲ ಮಾಡಿದೆ. ಪುಸ್ತಕ ಕೊಟ್ಟವರಿಗೆ ಫೋನು ಮಾಡಿದರೆ, ರಜೆ ಮುಗಿದ ಮೇಲೆ ಹೊಸ ಡಬ್ಬಿ ಬರುತ್ತದೆ ಮೇಡಂ ಅಂದರು. ಪಕ್ಕದೂರಿನ ಶಾಲೆಯಲ್ಲಿ ಅದೇ ಪುಸ್ತಕ ಇತ್ತು. ಅದು ಬೀರುವಿನಲ್ಲಿತ್ತು, ಬೀರುವಿನ ಕೀಲಿ ಹೆಡ್ಮಾಸ್ತರರ ಹತ್ತಿರ ಇತ್ತು, ಅವರು ರಜೆ ಹಾಕಿ ಮಗಳ ಊರಿಗೆ ಹೋಗಿದ್ದರು. ಊರು ಬಿಡುವ ಹುಡುಗಿಯನ್ನು ಕರೆದು, ಕತೆಯ ಕೊನೆ ನಾನೇ ಹೇಳಿಬಿಡುತ್ತೇನೆ ಅಂದೆ. ಎರಡೂ ಕಿವಿ ಮುಚ್ಚಿಕೊಂಡಳು.

"ನೀವು ಹೇಳಬ್ಯಾಡ್ರಿ. ನೀವು ಹೇಳಿದ್ರ ಅದು ಕೇಳಿದ್ದಾಗ್ತೈತಿ, ಓದಿದ್ದಾಗಂಗಿಲ್ಲ."

ಕೇಳಿ ಕೇಳಿ ಒಪ್ಪಿಸುತ್ತಿದ್ದವಳ ಬಾಯಲ್ಲಿ ಈ ಮಾತು. ನಾನು ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಗೆಳತಿಯ ಮನೆಗೆ ಹೋದೆ.

ಅಜ್ಜಿ ಒಳ್ಳೆಯ ಹೆಂಗಸು. ಇದನ್ನು ಮೊದಲೇ ಹೇಳಿಬಿಡಬೇಕು. ಒಳಗೆ ಕರೆದು ಚಾಪೆ ಹಾಸಿ, ಗಟ್ಟಿ ಮಜ್ಜಿಗೆ ಕೊಟ್ಟಳು. "ಕಾಲು ನೋಯ್ತಾವೇನ್ ಟೀಚರಮ್ಮ, ಗ್ವಾಡಿಗೆ ಬೆನ್ನು ಆನಿಸಿ ಕುಂದ್ರು," ಅಂದಳು. ಮೂವತ್ತು ಜನ ನನ್ನ ಮುಖ ದಿನಾ ನೋಡುತ್ತಾರೆ, ಕಾಲು ನೋಯುತ್ತದೆಂದು ಕಂಡವರು ಅವಳೊಬ್ಬಳೇ. ಅಡುಗೆಮನೆಯ ಮೂಲೆಯಲ್ಲಿ ಜಗಲಿ ಇತ್ತು. ಹಿತ್ತಾಳೆಯ ದೇವರುಗಳು, ಗುರುವಿನ ಪಟಗಳು, ಅವುಗಳ ಸಾಲಿನಲ್ಲೇ ನಮ್ಮ ಮುದುಕ, ಹಣೆಗೆ ಮೂರೆಳೆ ವಿಭೂತಿ, ತಲೆಯ ಮೇಲೊಂದು ಸೇವಂತಿಗೆ. ಖಾಕಿ ಕಾಗದದ ಅಂಚಿನಲ್ಲಿ ನಾನು ಹಾಕಿದ ಹೊಲಿಗೆ ಕಾಣುತ್ತಿತ್ತು.

ಪುಸ್ತಕ ಶಾಲೆಯದು, ಮಕ್ಕಳು ಓದಬೇಕು ಅಂದೆ.

"ಬೇಕಂದ್ರ ಎಂಥಾ ಪುಸ್ತಕ ಬೇಕು ತರಿಸ್ತೀನಿ ಟೀಚರಮ್ಮ. ಇದು ಕೇಳಬ್ಯಾಡ. ಅಜ್ಜಯ್ಯ ತಾನಾಗೇ ಬಂದು ಕುಂತಾನ. ಪೂಜಿ ಆದದ್ದನ್ನ ಹ್ಯಾಂಗ ಕಿತ್ತು ಕೊಡ್ಲಿ?"

ಫೋಟೊ ತೆಗೆದುಕೊಳ್ಳುತ್ತೇನೆ ಅಂದೆ. ಜಗಲಿಯ ಫೋಟೊ ಹಿಡಿಯುವ ಪದ್ಧತಿ ಅವರ ಮನೆಯಲ್ಲಿಲ್ಲ, ಪುಟ ತಿರುವಿ ಹಾಕುವಂತೆಯೂ ಇಲ್ಲ, ಅಜ್ಜಯ್ಯ ಕೂತ ಪುಟ ಅದು.

ಒಂದು ಮಾತು ಸಾಕಾಗಿತ್ತು. ಅಮ್ಮಾ, ಇವನು ನಿಮ್ಮ ಅಜ್ಜಯ್ಯ ಅಲ್ಲ, ಇಂಥವನು. ಅಷ್ಟಂದಿದ್ದರೆ ಪುಟ ಅವತ್ತೇ ನನ್ನ ಕೈಗೆ ಬರುತ್ತಿತ್ತೇನೋ. ಆದರೆ ಈಗಿನ ದಿನಗಳಲ್ಲಿ ಮಾತು ಎಲ್ಲಿಂದ ಎಲ್ಲಿಗೆ ಹೋಗುತ್ತದೆ? ಶಾಲೆಯಲ್ಲಿ ಎಂಥ ಪುಸ್ತಕ ಓದಿಸುತ್ತಾರೆ ನೋಡಿ ಎಂದು ಯಾರಾದರೂ ಮೊಬೈಲಿನಲ್ಲಿ ಹಾಕಿದರೆ ಡಬ್ಬಿಗೆ ಡಬ್ಬಿಯೇ ವಾಪಸು ಹೋಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಆ ಮುದುಕಿಯ ಮುಖ ನೋಡಿಕೊಂಡು ನನಗೆ ಹೇಳಲಾಗಲಿಲ್ಲ. ಮಜ್ಜಿಗೆ ಕುಡಿದು ಲೋಟ ಕೆಳಗಿಟ್ಟೆ.

ಅಜ್ಜಿಯೇ ದಾರಿ ತೋರಿಸಿದಳು. ಸೋಮವಾರ ಬೆಳಿಗ್ಗೆ ಜಗಲಿ ತೊಳೆಯುವ ದಿನ. ದೇವರನ್ನೆಲ್ಲ ಕೆಳಗಿಳಿಸಿ, ಹುಣಸೆಹಣ್ಣು ಹಚ್ಚಿ ತಿಕ್ಕಿ, ಜಗಲಿ ಸಾರಿಸಿ, ಒಣಗಿದ ಮೇಲೆ ಮತ್ತೆ ಏರಿಸುವುದು. ಇಳಿಸಿದ ಮೇಲೆ ಏರಿಸುವತನಕ ಪೂಜೆ ಇಲ್ಲ.

"ಆವಾಗ ಬಾ. ಯಾರರ ಬಂದು ಓದಿ ಹೇಳಿದ್ರ ನಾನೂ ಕೇಳ್ತೀನಿ. ಅಜ್ಜಯ್ಯ ಏನು ಹೇಳ್ಯಾನ ಅಂತ ನನಗೂ ತಿಳೀಬೇಕಲ್ಲ, ನನಗೆಲ್ಲಿ ಓದಾಕ ಬರ್ತೈತಿ."

ಒಬ್ಬ ಹುಡುಗಿ ಇದ್ದಾಳೆ, ಓದುತ್ತಾಳೆ ಅಂದೆ.

"ಯಾರ ಪೈಕಿ?"

ಹೇಳಿದೆ. ಅಜ್ಜಿ ಸ್ವಲ್ಪ ಹೊತ್ತು ಸೆರಗಿನ ತುದಿ ತಿರುವಿದಳು. ಸಿಟ್ಟಿರಲಿಲ್ಲ. ಮಳೆ ಬಂದರೆ ಕಾಳು ಎಲ್ಲಿ ಒಣಗಿಸುವುದು ಎಂದು ಲೆಕ್ಕ ಹಾಕುವವರ ಮುಖ ಅದು.

"ಬರ್ಲಿ, ಅದಕ್ಕೇನು. ಕಟ್ಟಿ ಕೆಳಗ ನಿಂತು ಓದ್ಲಿ. ಪುಸ್ತಕ ನೀನು ಹಿಡ್ಕ. ಮತ್ತ ಜಗಲಿ ಏರಸಬೇಕಲ್ಲ."

ಕಾಯ್ದೆ ಇದೆ, ನನಗೂ ಗೊತ್ತು, ಅವರಿಗೂ ಗೊತ್ತು. ಶಾಲೆಯಲ್ಲಿ ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಒಂದೇ ತಟ್ಟೆಯಿಂದ ಮೊಟ್ಟೆ ಹಂಚಿಕೊಂಡು ತಿನ್ನುತ್ತಾರೆ, ಅದೂ ಗೊತ್ತು. ನನಗೆ ಸಿಟ್ಟು ಬಂತು. ಆದರೆ ನನ್ನ ವಯಸ್ಸಿಗೆ ಸಿಟ್ಟು ಮೇಲೇಳುವಷ್ಟರಲ್ಲಿ ದಣಿವು ಅದರ ಕೈಹಿಡಿದು ಕೂಡಿಸಿಬಿಡುತ್ತದೆ. ಹುಡುಗಿಗೆ ಅಧ್ಯಾಯ ಬೇಕು. ಸೋಮವಾರ ಮಧ್ಯಾಹ್ನ ಆಕೆ ಹೋಗುತ್ತಾಳೆ. ಹೂಂ ಅಂದು ಎದ್ದೆ.

ಹುಡುಗಿಯ ತಾಯಿಯನ್ನು ಕೇಳದೆ ಕರೆದೊಯ್ಯುವಂತಿರಲಿಲ್ಲ. ಅಲ್ಲಿಂದ ನೇರ ಕೇರಿಗೆ ಹೋದೆ. ಪಾತ್ರೆಗಳನ್ನೆಲ್ಲ ಚೀಲಕ್ಕೆ ತುಂಬಿ ಕಟ್ಟಿದ್ದರು, ಗೋಡೆಯ ಮೇಲೆ ಬುದ್ಧನ ಪಟ ಒಂದನ್ನು ಮಾತ್ರ ಕೊನೆಗೆ ಇಳಿಸಲು ಬಿಟ್ಟಿದ್ದರು. ತಾಯಿ ನನ್ನ ಮಾತು ಪೂರ್ತಿ ಕೇಳಿದಳು.

"ಎಲ್ಲೆ ಕುಂದ್ರಸ್ತಾರ್ರಿ?" ಅಂದಳು.

ನಾನು ಕಟ್ಟಿದ ಚೀಲಗಳ ಕಡೆ ನೋಡಿದೆ.

"ನಾವು ಈ ಪಟ ಹಾಕಿದ ಮ್ಯಾಲ ಯಾರ ಹೊಸ್ತಿಲ ಮುಂದೂ ನಿಂದ್ರದು ಬಿಟ್ಟೀವ್ರಿ ಮೇಡಂ," ಅಂದಳು. ಮಗಳ ಕಡೆ ನೋಡಿದಳು. ಮಗಳು ಕೈಕಟ್ಟಿ ನಿಂತು ಅವ್ವನ ಬಾಯನ್ನೇ ನೋಡುತ್ತಿದ್ದಳು. "ಓದಾಕಂದ್ರ ಹೋಗ್ಲಿ ಬಿಡ್ರಿ. ಬ್ಯಾರೆ ಏನರ ಕೇಳಾಕ ಅಂದಿದ್ರ ಕಳಸ್ತಿರ್ಲಿಲ್ಲ."

ಸೋಮವಾರ ಮೊದಲ ಬಸ್ಸಿಗೇ ಬಂದೆ. ಹುಡುಗಿ ಎರಡು ಜಡೆ ಹಾಕಿಕೊಂಡು, ಹೊಸ ಊರಿಗೆಂದು ತಂದ ಅಂಗಿ ತೊಟ್ಟು ನಿಂತಿದ್ದಳು. ದೊಡ್ಡ ಮನೆಯ ಕಟ್ಟೆಯ ಮುಂದೆ ನಾವಿಬ್ಬರೂ ನಿಂತೆವು. ಅಂಗಳದಲ್ಲಿ ಹಿತ್ತಾಳೆಯ ದೇವರುಗಳು ಬಿಸಿಲಿಗೆ ಒಣಗುತ್ತಿದ್ದವು. ಅಜ್ಜಿ ಬಾಗಿಲ ಒಳಗೆ ಹೊಸ್ತಿಲ ಪಕ್ಕ ಕೂತಳು, ಮೊಮ್ಮಗಳು ಅವಳ ಬೆನ್ನಿಗೆ ಜೋತುಬಿದ್ದು ನಿಂತಳು. ಪುಸ್ತಕ ನನ್ನ ಕೈಗೆ ಬಂತು. ನಾನು ಕಟ್ಟೆಯ ಮೇಲೆ ಕೂತು ಅದನ್ನು ಬಿಡಿಸಿ ಹುಡುಗಿಯ ಮುಖದ ಮುಂದೆ ಹಿಡಿದೆ.

ಹುಡುಗಿಯ ಬೆರಳು ತಾನಾಗಿ ಮುಂದೆ ಬಂತು.

"ಮುಟ್ಟಬ್ಯಾಡವಾ," ಅಂದಳು ಅಜ್ಜಿ, ಮೆಲ್ಲಗೆ.

ಬೆರಳು ಅಲ್ಲೇ ನಿಂತಿತು. ಹುಡುಗಿ ನನ್ನ ಕಡೆ ನೋಡಿದಳು. ನನಗೆ ಪುಸ್ತಕ ಮುಚ್ಚಿ, ನಡಿ ಮನೆಗೆ ಅನ್ನಬೇಕು ಅನ್ನಿಸಿತು. ಅನ್ನುವವಳೇ ಇದ್ದೆ. ಅಷ್ಟರಲ್ಲಿ ಹುಡುಗಿ ಬೆರಳನ್ನು ಪುಟದಿಂದ ಒಂದು ಗೇಣು ಹಿಂದೆ ತಂದು, ಗಾಳಿಯಲ್ಲೇ ಹಿಡಿದು, ಓದಲು ಶುರು ಮಾಡಿದಳು.

ಮೊದಲು ಸಾಲು ತಪ್ಪಿತು. ಮತ್ತೆ ಹಿಂದೆ ಬಂದಳು. ಗಾಳಿಯಲ್ಲಿ ಬೆರಳು ಅಕ್ಷರಕ್ಕೆ ಸರಿಯಾಗಿ ಕೂಡುತ್ತಿರಲಿಲ್ಲ, ಒಂದು ಪದ ಬಿಟ್ಟು ಇನ್ನೊಂದರ ಮೇಲೆ ಹೋಗುತ್ತಿತ್ತು. ನಾನು ಪುಸ್ತಕವನ್ನು ಆಕೆಯ ಬೆರಳಿಗೆ ಹೊಂದುವಂತೆ ಮೇಲೆ ಕೆಳಗೆ ಸರಿಸಿದೆ. ತೋಳು ಸೋತವು. ಎರಡನೆಯ ಪುಟದ ಹೊತ್ತಿಗೆ ಆಕೆ ಬೆರಳನ್ನು ಮರೆತಳು. ಕೈ ತಾನಾಗಿ ಕೆಳಗಿಳಿದು ಅಂಗಿಯ ಅಂಚು ಹಿಡಿದುಕೊಂಡಿತು, ಕಣ್ಣುಗಳೇ ಸಾಲು ಹಿಡಿದು ಹೊರಟವು. "ತಿರುವ್ರಿ ಮೇಡಂ," ಅಂದಳು. ತಿರುವಿದೆ. ಇಷ್ಟು ವರ್ಷ ಪಾಠ ಹೇಳಿ ಕೊನೆಗೆ ಪುಸ್ತಕ ಇಡುವ ಮಣೆಯಾದೆನಲ್ಲ ಅನ್ನಿಸಿದರೂ, ಆ ಹುಡುಗಿ ಬೆರಳಿಲ್ಲದೆ ಓದುತ್ತಿರುವುದನ್ನು ನಾನೊಬ್ಬಳೇ ನೋಡುತ್ತಿದ್ದೆ. ಅಲ್ಲಿದ್ದ ಇನ್ನಾರಿಗೂ ಅದು ಏನೆಂದು ಗೊತ್ತಿರಲಿಲ್ಲ.

ಮುಂದೆ ಏನು ಬರುತ್ತದೆಂದು ನನಗೆ ಗೊತ್ತಿತ್ತು. ಗೆಳತಿಗೂ ಗೊತ್ತಿತ್ತು, ಅಜ್ಜಿಯ ಬೆನ್ನ ಹಿಂದಿನಿಂದ ಕಣ್ಣರಳಿಸಿ ನನ್ನನ್ನೇ ನೋಡುತ್ತಿದ್ದಳು.

"ಅಜ್ಜ ನಮಾಜು ಮುಗಿಸಿ ಬಂದು ಬೇವಿನ ಮರದ ಕೆಳಗೆ ಕೂತ," ಎಂದು ಹುಡುಗಿ ಓದಿದಳು. "ಅವನ ಹತ್ತಿರ ಹೊದೆಯಲು ಏನೂ ಇರಲಿಲ್ಲ. ಮಕ್ಕಳು ಕೌದಿಯನ್ನು ಅವನ ಹೆಗಲಿಗೆ ಹಾಕಿದರು." ಪುಸ್ತಕದಲ್ಲಿ ಹೊದಿಕೆ ಅಂತ ಇತ್ತು, ಆಕೆ ಕೌದಿ ಅಂತಲೇ ಓದಿದಳು. "ಇದು ಒಬ್ಬನಿಗೆ ದೊಡ್ಡದಾಯಿತು, ಎಲ್ಲರೂ ಒಳಗೆ ಬನ್ನಿ ಎಂದು ಅಜ್ಜ ಕೈ ಎತ್ತಿ ಕರೆದ."

ಮುಗಿಯಿತು. ಅಂಗಳದಲ್ಲಿ ಯಾವುದೋ ಕೋಳಿ ದೇವರುಗಳ ನಡುವೆ ಹೋಗುತ್ತಿತ್ತು, ಅಜ್ಜಿ ಅದನ್ನು ಓಡಿಸಲಿಲ್ಲ.

"ನಮಾಜು ಅಂದಿ?" ಅಂದಳು ಕೊನೆಗೆ.

"ಹೂಂರಿ ಅಜ್ಜಿ. ಅಂವ ಸಾಬರ ಅಜ್ಜ," ಅಂದಳು ಹುಡುಗಿ, ಏನೂ ಅಂಜಿಕೆಯಿಲ್ಲದೆ.

ಅಜ್ಜಿ ಕೈ ಚಾಚಿದಳು. ನಾನು ಪುಸ್ತಕ ಕೊಟ್ಟೆ. ಚಿತ್ರವನ್ನು ಕಣ್ಣ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು.

"ಮೊಹರಂ ಅಲಾಯಿ ಹಬ್ಬದಾಗ ನಮ್ಮ ಮನಿಯವ್ರೂ ಹರಕಿ ಹೊತ್ತು ಫಕೀರ ಆಗ್ತಿದ್ರು," ಅಂದಳು. "ಅಜ್ಜಯ್ಯಗ ಯಾವ ರೂಪ ಬೇಕೋ ಆ ರೂಪದಾಗ ಬರ್ತಾನ. ನನ್ನ ಮೊಮ್ಮಗಳ ಜರ ಬಿಡಿಸ್ಯಾನ. ನಾನು ಯಾಕ ಕೇಳ್ಲಿ ಯಾರಂವ ಅಂತ."

ಆ ಗಳಿಗೆಯಲ್ಲಿ ನನಗೆ ಅವಳ ಕಾಲಿಗೆ ಬೀಳಬೇಕು ಅನ್ನಿಸಿತು. ತರಬೇತಿಗಳಲ್ಲಿ ಯಾರೂ ಹೇಳಿಕೊಡಲಾಗದ್ದನ್ನು ಅವಳು ಒಂದು ಉಸಿರಿಗೆ ಹೇಳಿ ಮುಗಿಸಿದ್ದಳು. ಎರಡು ದಿನದಿಂದ ಹೊತ್ತಿದ್ದ ಭಾರ ಇಳಿದ ಹಾಗಾಯಿತು. ಆಮೇಲೆ ಅವಳು ಮೊಮ್ಮಗಳಿಗೆ ಚೊಂಬಿನಲ್ಲಿ ನೀರು ತರಲು ಹೇಳಿ, ಬೆರಳದ್ದಿ, ಹುಡುಗಿಯ ಉಸಿರು ತಾಗಿದ ಪುಟಗಳ ಮೇಲೆ ಚಿಮುಕಿಸಿದಳು. ಸೆರಗಿನಿಂದ ಒರೆಸಿದಳು. ಎತ್ತಿಕೊಂಡು ಒಳಗೆ ಹೋದಳು. ನಾನು ಕೂತಲ್ಲಿಂದ ಏಳಲು ಗೋಡೆ ಹಿಡಿಯಬೇಕಾಯಿತು.

ಮೊಮ್ಮಗಳು ಓಡಿ ಬಂದು ಕಟ್ಟೆಯಿಂದ ಜಿಗಿದು ಗೆಳತಿಯ ಕೊರಳು ತಬ್ಬಿಕೊಂಡಳು. ಏನೋ ಪಿಸುಗುಟ್ಟಿದರು, ನಕ್ಕರು. ಒಳಗಿನಿಂದ ಅಜ್ಜಿ ಕರೆದಳು, ಅವಳು ಹೋದಳು.

ಕೇರಿಯ ಕಡೆ ನಡೆಯುತ್ತ ಹುಡುಗಿ ಬಹಳ ಖುಷಿಯಲ್ಲಿದ್ದಳು. "ಇಡೀ ಪುಸ್ತಕ ಓದಿದೆ ಅಲ್ರಿ ಮೇಡಂ? ಸುಳ್ಳಲ್ಲ ಅಲ್ರಿ?" ಎಂದು ಕೇಳಿದಳು. ಸುಳ್ಳಲ್ಲ, ಇಡೀ ಪುಸ್ತಕ ಓದಿದ್ದೀಯ, ಬೆರಳೂ ಇಡಲಿಲ್ಲ ಅಂದೆ. ಆಗ ಆಕೆಗೂ ಹೊಳೆಯಿತು. ತನ್ನ ಬೆರಳು ನೋಡಿಕೊಂಡು ನಕ್ಕಳು. ಸ್ವಲ್ಪ ದೂರ ಕುಂಟಾಟದ ಹೆಜ್ಜೆ ಹಾಕುತ್ತ ನನ್ನ ಮುಂದೆ ಹೋಗಿ ಮತ್ತೆ ಹಿಂದೆ ಬಂದಳು.

"ಮೇಡಂ, ಆ ಅಜ್ಜ ಅವ್ರ ಮನಿಯಾಗ ಅಷ್ಟು ಒಳಗ ಹ್ಯಾಂಗ ಹೋದ್ರಿ?"

ಬಾಯಿಗೆ ಬಂದದ್ದನ್ನು ಹೇಳಿದೆ. "ಪುಸ್ತಕದಾಗ ಇದ್ದನಲ್ಲವಾ, ಅದಕ್ಕ ಹೋದ."

ಆಕೆಯ ಕುಂಟಾಟ ನಿಂತಿತು. ಮುಖದಲ್ಲಿ ಬೇಸರವೇನೂ ಇರಲಿಲ್ಲ, ಲೆಕ್ಕ ಬಿಡಿಸಿದವರ ಮುಖ ಇತ್ತು.

"ಹಂಗಾರ ನನ್ನೂ ಒಂದು ಪುಸ್ತಕದಾಗ ಬರೀರಿ," ಅಂದಳು.

ಮನೆಯ ಮುಂದೆ ಸಾಮಾನಿನ ಗಾಡಿ ಬಂದು ನಿಂತಿತ್ತು. ಆಕೆ ಅವ್ವನಿಗೆ ಓದಿದ್ದು ಹೇಳಲು ಓಡಿದಳು. ನಾನು ಹೂಂ ಅಂದದ್ದು ಆಕೆಗೆ ಕೇಳಿಸಿತೋ ಇಲ್ಲವೋ ಗೊತ್ತಿಲ್ಲ.